ಪರಾವಲಂಬಿ, ಆತಿಥೇಯ, ಸಹಜೀವನ: ಬಳ್ಳಾರಿ ಸೀಮೆಯ ನೆಲ-ನೀರಿನ ಲೆಕ್ಕ

ಒಂದು ಜೀವಿ ಇನ್ನೊಂದರ ಮೈಮೇಲೋ ಮೈಯೊಳಗೋ ನೆಲೆಯೂರಿ, ಅಲ್ಲಿಂದಲೇ ಆಹಾರ ಪಡೆದು, ಆ ಇನ್ನೊಂದಕ್ಕೆ ನಷ್ಟ ಮಾಡುತ್ತಿದ್ದರೆ ಮೊದಲನೆಯದು ಪರಾವಲಂಬಿ, ಎರಡನೆಯದು ಆತಿಥೇಯ. ಪಠ್ಯಪುಸ್ತಕದ ಈ ವ್ಯಾಖ್ಯೆಯಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದವರ ಮನಸ್ಸಿನಲ್ಲಿ ಹೇನು, ತಿಗಣೆ, ಉಣ್ಣೆ, ಜಂತುಹುಳು ಎಂಬ ಪಟ್ಟಿಯೊಂದು ಉಳಿದುಬಿಡುತ್ತದೆ. ಜೀವಲೋಕದಲ್ಲಿ ಪರಾವಲಂಬಿಗಳ ಕುಲವೇ ಬೇರೆ, ಮಿಕ್ಕವೆಲ್ಲ ದುಡಿದು ತಿನ್ನುವ ಮರ್ಯಾದಸ್ಥರು ಎಂಬ ಭಾವನೆ ಬೇರೂರುತ್ತದೆ. ಈ ಲೇಖನದ ವಾದ ಬೇರೆ. ಪರಾವಲಂಬನೆ ಎಂಬುದು ಎರಡು ಜೀವಿಗಳ ನಡುವಿನ ಕೊಡುಕೊಳ್ಳುವಿಕೆ ಒಂದು ಹೊತ್ತಿನಲ್ಲಿ, ಒಂದು ನೆಲದಲ್ಲಿ ತಲುಪಿದ ಸ್ಥಿತಿ. ನೀರು ಬದಲಾದರೆ, ಹಂಗಾಮು ಬದಲಾದರೆ, ಮನುಷ್ಯ ಕೈಯಾಡಿಸಿದರೆ ಆ ಸ್ಥಿತಿಯೂ ಬದಲಾಗುತ್ತದೆ. ಇದನ್ನು ಪರೀಕ್ಷಿಸಲು ಬಳ್ಳಾರಿ ಸೀಮೆ ಒಳ್ಳೆಯ ಜಾಗ. ಒಂದು ಕಡೆ ಮಳೆಯನ್ನೇ ನಂಬಿದ ಎರೆಹೊಲ, ಜೋಳ, ಹತ್ತಿ, ಶೇಂಗಾ. ಇನ್ನೊಂದು ಕಡೆ ಸಿರುಗುಪ್ಪದ ಕಾಲುವೆ ಗದ್ದೆ. ನಡುವೆ ಕುರುಗೋಡಿನ ಕಲ್ಲುಗುಡ್ಡಗಳ ಸುತ್ತ ಮೇಯುವ ಕುರಿಹಿಂಡು. ಇವೆಲ್ಲಕ್ಕೂ ಪೇಟೆಯಾಗಿ ಬಳ್ಳಾರಿ ನಗರ. ಒಂದು ದಿನದ ಬಸ್ ಪ್ರಯಾಣದ ಅಂತರದಲ್ಲಿ ಇಷ್ಟು ಬಗೆಯ ನೆಲ-ನೀರು ಸಿಗುವುದು ಅಪರೂಪ.

ಮೊದಲು ಪದಗಳ ಮಾತು. 1870ರ ದಶಕದಲ್ಲಿ ಯುರೋಪಿನ ವಿದ್ವಾಂಸರು ಈ ಸಂಬಂಧಗಳಿಗೆ ಹೆಸರಿಡಲು ತೊಡಗಿದರು. ಬೆಲ್ಜಿಯಂನ ಪ್ರಾಣಿಶಾಸ್ತ್ರಜ್ಞ ಪಿಯರ್ ವಾನ್ ಬೆನೆಡೆನ್ 1875ರ ತನ್ನ ಪುಸ್ತಕದಲ್ಲಿ ಪರಾವಲಂಬಿಗಳನ್ನೂ ಸಹಭೋಜಿಗಳನ್ನೂ ಪರಸ್ಪರ ನೆರವಾಗುವವನ್ನೂ ಬೇರೆಬೇರೆಯಾಗಿ ವಿಂಗಡಿಸಿದ. ಸಹಭೋಜಿ ಎಂದರೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು. ಪಕ್ಕದವರ ಎಲೆಗೆ ಕೈಹಾಕದಿರುವುದು. ಮೇಯುವ ಎಮ್ಮೆಯ ಕಾಲಬುಡದಲ್ಲಿ ಎದ್ದ ಹುಳುಗಳನ್ನು ಹೆಕ್ಕುವ ಬೆಳ್ಳಕ್ಕಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿ 1879ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ ಭಿನ್ನ ಹೆಸರಿನ ಜೀವಿಗಳು ಒಟ್ಟಿಗೆ ಬಾಳುವುದಕ್ಕೆಲ್ಲ ಸಹಜೀವನ ಎಂದು ಕರೆದ. ಅವನ ಅರ್ಥದಲ್ಲಿ ಪರಾವಲಂಬನೆಯೂ ಸಹಜೀವನದ ಒಂದು ಬಗೆಯೇ. ಆಮೇಲೆ ಬಂದ ಪಠ್ಯಗಳು ಸಹಜೀವನ ಎಂಬುದನ್ನು ಸ್ನೇಹಕ್ಕೆ ಮಾತ್ರ ಸೀಮಿತಗೊಳಿಸಿ, ಪರಾವಲಂಬನೆಯನ್ನು ಅದರ ಎದುರು ನಿಲ್ಲಿಸಿದವು. ಡಿ ಬಾರಿ ಕೊಟ್ಟ ಅಗಲವಾದ ಅರ್ಥವೇ ಸರಿ ಎಂಬುದು ಇಲ್ಲಿನ ನಿಲುವು. ನಮ್ಮ ‘ಆತಿಥೇಯ’ ಪದವಂತೂ ತುಸು ನಗೆ ತರಿಸುವಂಥದ್ದು: ಕರೆಯದೆ ಬಂದು, ಉಂಡು, ಏಳಲು ಒಪ್ಪದ ನೆಂಟನ ಎದುರು ಮನೆಯವನಿಗೆ ಕೊಟ್ಟ ಗೌರವದ ಹೆಸರು ಅದು.

ಜೋಳದ ಹೊಲದಿಂದ ಆರಂಭಿಸೋಣ. ಸ್ಟ್ರೈಗಾ ಎಂಬ ಕಸ ಎರೆಹೊಲದ ಜೋಳಕ್ಕೆ ಹಳೆಯ ಶತ್ರು. ನಮ್ಮ ಕಡೆ ಹೆಚ್ಚಾಗಿ ಬಿಳಿಹೂ ಬಿಡುವ, ಮೊಳದುದ್ದವೂ ಬೆಳೆಯದ ಈ ಗಿಡಕ್ಕೆ ಹಸಿರೆಲೆ ಇದೆ. ನೋಡಿದವರು ಸಾಧಾರಣ ಕಳೆ ಎಂದುಕೊಳ್ಳುತ್ತಾರೆ. ಕಿತ್ತು ನೋಡಿದರೆ ಅದರ ಬೇರು ಜೋಳದ ಬೇರಿಗೆ ಬೆಸೆದುಕೊಂಡಿರುತ್ತದೆ. ಅದು ನೆಲದ ಮೇಲೆ ಕಾಣುವ ಹೊತ್ತಿಗೆ ಜೋಳ ಸೊರಗಿ, ನೀರಿದ್ದರೂ ಬರ ಬಡಿದಂತೆ ಗರಿ ಬಾಡಿಸಿರುತ್ತದೆ. ಇದರ ಬೀಜ ಧೂಳಿನಷ್ಟು ಸಣ್ಣದು, ಹತ್ತು ವರ್ಷ ಮೀರಿಯೂ ಮಣ್ಣಿನಲ್ಲಿ ನಿದ್ದೆ ಮಾಡಬಲ್ಲದು. ಅದನ್ನು ಎಬ್ಬಿಸುವುದು ಆತಿಥೇಯನ ಬೇರಿನಿಂದ ಒಸರುವ ಒಂದು ರಾಸಾಯನಿಕ. 1966ರಲ್ಲಿ ವಿಜ್ಞಾನಿಗಳು ಆ ಬಗೆಯ ಮೊದಲ ರಾಸಾಯನಿಕವನ್ನು ಬೇರ್ಪಡಿಸಿದ್ದು ಜೋಳದ ಬೇರಿನಿಂದಲ್ಲ, ಹತ್ತಿಯ ಬೇರಿನಿಂದ. ಅದಕ್ಕೆ ಸ್ಟ್ರೈಗಾಲ್ ಎಂಬ ಹೆಸರು ಬಂತು. ಹತ್ತಿಗೆ ಸ್ಟ್ರೈಗಾ ಅಂಟುವುದೇ ಇಲ್ಲ. ಅಂದರೆ ಹತ್ತಿ ಬಿತ್ತಿದ ವರ್ಷ ಕಸದ ಬೀಜ ಎಚ್ಚರಗೊಂಡು, ಮೊಳೆತು, ಹಿಡಿಯಲು ಬೇರು ಸಿಗದೆ ಸಾಯುತ್ತದೆ. ಜೋಳ-ಹತ್ತಿಗಳನ್ನು ವರ್ಷ ಬಿಟ್ಟು ವರ್ಷ ಬದಲಿಸುವ ಎರೆಸೀಮೆಯ ಬೇಸಾಯದೊಳಗೆ ಹೀಗೊಂದು ಬಲೆ ಅಡಗಿದೆ.

ಇಷ್ಟೇ ಆಗಿದ್ದರೆ ಇದು ಕಳೆ ನಿರ್ವಹಣೆಯ ಪಾಠ. ಆದರೆ ಒಂದು ಪ್ರಶ್ನೆ ನಾಲ್ಕು ದಶಕ ಹಾಗೇ ನಿಂತಿತ್ತು: ಶತ್ರುವನ್ನು ಎಬ್ಬಿಸುವ ರಸವನ್ನು ಗಿಡ ತಾನಾಗಿ ಏಕೆ ಸುರಿಸಬೇಕು? 2005ರಲ್ಲಿ ಜಪಾನಿನ ಸಂಶೋಧಕರು ಉತ್ತರ ಕೊಟ್ಟರು. ಆ ರಸ ಮೈಕೊರೈಜಾ ಶಿಲೀಂಧ್ರಕ್ಕೆ ಕಳಿಸುವ ಕರೆ. ಈ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ತನ್ನ ಎಳೆಗಳನ್ನು ಮಣ್ಣಿನಲ್ಲಿ ದೂರ ಚಾಚಿ, ಗಿಡಕ್ಕೆ ರಂಜಕ ತಂದುಕೊಡುತ್ತದೆ. ಪ್ರತಿಯಾಗಿ ಗಿಡದಿಂದ ಸಕ್ಕರೆ, ಕೊಬ್ಬು ಪಡೆಯುತ್ತದೆ. ರಂಜಕ ಕಡಿಮೆಯಾದಷ್ಟೂ ಗಿಡ ಜೋರಾಗಿ ಕೂಗುತ್ತದೆ. ಬಡ ಹೊಲದಲ್ಲೇ ಸ್ಟ್ರೈಗಾ ಹೆಚ್ಚು ಎಂಬ ರೈತರ ಅನುಭವಕ್ಕೆ ಕಾರಣ ಇಲ್ಲಿದೆ. ಗೆಳೆಯನನ್ನು ಕರೆದ ದನಿಯನ್ನು ಕಳ್ಳ ಕದ್ದು ಕೇಳಿಸಿಕೊಂಡಿದ್ದಾನೆ. ಒಂದೇ ಅಣು, ಒಂದೇ ಬೇರು. ಬಂದವರು ಯಾರು ಎಂಬುದರ ಮೇಲೆ ಅದು ಸಹಜೀವನವೂ ಹೌದು, ಪರಾವಲಂಬನೆಯೂ ಹೌದು. ಗೆಳೆತನಕ್ಕೂ ಕಳ್ಳತನಕ್ಕೂ ಬಾಗಿಲು ಒಂದೇ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯ ಕಡಿಮೆ.

ಆತಿಥೇಯರಲ್ಲೂ ಬಗೆಗಳಿವೆ. ಪರಾವಲಂಬಿ ಯಾರ ಮೈಯಲ್ಲಿ ಪ್ರೌಢವಾಗಿ ಲೈಂಗಿಕವಾಗಿ ಸಂತಾನ ಪಡೆಯುತ್ತದೋ ಅದು ಅಂತಿಮ ಆತಿಥೇಯ. ಎಳೆಯ ಹಂತಗಳು ಬೆಳೆಯುವ ಮೈ ಮಧ್ಯಂತರ ಆತಿಥೇಯ. ರೋಗ ತೋರಿಸದೆ ಪರಾವಲಂಬಿಯನ್ನು ಕಾಪಿಟ್ಟುಕೊಂಡು ಮತ್ತೆ ಮತ್ತೆ ಹಂಚುವ ಪ್ರಾಣಿ ಆಸರೆ ಆತಿಥೇಯ. ದಾರಿತಪ್ಪಿ ಒಳಹೊಕ್ಕು ಮುಂದೆ ಹೋಗಲಾರದೆ ಸಿಕ್ಕಿಬೀಳುವ ಮೈ ಆಕಸ್ಮಿಕ ಆತಿಥೇಯ. ಈ ವಿಂಗಡಣೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಮಲೇರಿಯಾದ ಮೇಲೆ ಇಟ್ಟು ನೋಡುವುದು ಲೇಸು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಈ ಪರಾವಲಂಬಿಯನ್ನು ಕಂಡ. ಆ ಹಂತ ಲೈಂಗಿಕ ಸಂಯೋಗದ ಫಲ. ಆದ್ದರಿಂದ ಮಲೇರಿಯಾ ಪರಾವಲಂಬಿಗೆ ಅಂತಿಮ ಆತಿಥೇಯ ಸೊಳ್ಳೆ. ಮನುಷ್ಯ ಬರೀ ಮಧ್ಯಂತರ. ನಾವು ‘ನಮ್ಮ ರೋಗ’ ಎನ್ನುತ್ತೇವೆ, ಸೊಳ್ಳೆಯನ್ನು ‘ವಾಹಕ’ ಎನ್ನುತ್ತೇವೆ. ಪರಾವಲಂಬಿಯ ಕಡೆಯಿಂದ ನೋಡಿದರೆ ಮದುವೆ ಮನೆ ಸೊಳ್ಳೆಯದು. ನಾವು ದಾರಿಯ ಛತ್ರ.

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮನುಷ್ಯನೇ ಅಂತಿಮ ಆತಿಥೇಯನಾಗಿದ್ದ ರೋಗವೊಂದಿತ್ತು: ನಾರುಹುಣ್ಣು. ಈಗಿನ ತಲೆಮಾರಿಗೆ ಹೆಸರೇ ಗೊತ್ತಿಲ್ಲದಷ್ಟು ಪೂರ್ತಿಯಾಗಿ ಅದು ಮಾಯವಾಗಿದೆ. ಮೆಟ್ಟಿಲು ಬಾವಿಯ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಜಲಜೀವಿ ಇರುತ್ತದೆ. ಅದರೊಳಗೆ ನಾರುಹುಳುವಿನ ಮರಿ. ನೀರು ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಜೀರ್ಣವಾಗುತ್ತದೆ. ಮರಿ ಮಾತ್ರ ಕರುಳು ತೂರಿ ಹೊರಬಂದು, ಮೈಯೊಳಗೇ ಬೆಳೆದು ಕೂಡುತ್ತದೆ. ಗಂಡುಹುಳು ಸಾಯುತ್ತದೆ. ಹೆಣ್ಣು ಒಂದು ವರ್ಷದ ಹೊತ್ತಿಗೆ ಶಾವಿಗೆ ಎಳೆಯಷ್ಟು ದಪ್ಪ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಾಗಿ ಕಾಲಿನ ಕಡೆ ಇಳಿಯುತ್ತದೆ. ಹಿಮ್ಮಡಿಯ ಹತ್ತಿರವೋ ಮೀನಖಂಡದಲ್ಲೋ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಉರಿ ತಾಳದೆ ಮನುಷ್ಯ ಕಾಲನ್ನು ನೀರಿಗಿಳಿಸುತ್ತಾನೆ. ಗುಳ್ಳೆ ಒಡೆಯುತ್ತದೆ, ಹುಳು ಲಕ್ಷಾಂತರ ಮರಿಗಳನ್ನು ನೀರಿಗೆ ಕಾರುತ್ತದೆ, ಅವನ್ನು ಸೈಕ್ಲಾಪ್ಸ್ ನುಂಗುತ್ತದೆ. ನೋವೇ ಇಲ್ಲಿ ಹುಳುವಿನ ಸಾಧನ: ರೋಗಿಯನ್ನು ಬಾವಿಯ ಮೆಟ್ಟಿಲಿಗೆ ನಡೆಸಿಕೊಂಡು ಹೋಗುವುದು ಅದೇ. ಕೊಲ್ಲುವ ಔಷಧಿ ಇಂದಿಗೂ ಇಲ್ಲ. ತಲೆ ಹೊರಹಾಕಿದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಎಳೆಯಬೇಕು. ಅವಸರಪಟ್ಟು ತುಂಡಾದರೆ ಕಾಲು ಕೀವುಗಟ್ಟುತ್ತದೆ.

ಈ ಸರಪಳಿಯಲ್ಲಿ ಸೈಕ್ಲಾಪ್ಸಿನ ಪಾತ್ರವನ್ನು ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊ 1870ರಲ್ಲೇ ಕಂಡುಹಿಡಿದಿದ್ದ. ಭಾರತದಲ್ಲಿ ಸಂಘಟಿತ ನಿರ್ಮೂಲನ ಕಾರ್ಯಕ್ರಮ ಬರಲು 1983-84ರವರೆಗೆ ಕಾಯಬೇಕಾಯಿತು. ಕರ್ನಾಟಕ ಸೇರಿ ಏಳು ರಾಜ್ಯಗಳಲ್ಲಿ ರೋಗ ನೆಲೆಯೂರಿತ್ತು. ಮಾಡಿದ ಕೆಲಸಗಳೋ ಬಲು ಸಾಧಾರಣ: ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ ಹಗ್ಗ-ಕೊಡ ಇಳಿಸುವ ಸೇದುವ ಬಾವಿಯಾಗಿಸಿದ್ದು, ಕೊಳವೆಬಾವಿಗೆ ಕೈಪಂಪು ಕೂರಿಸಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಲು ಹೇಳಿದ್ದು, ಬಾವಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಹಾಕಿದ್ದು, ಹುಣ್ಣಾದವರನ್ನು ನೀರಿಗಿಳಿಯದಂತೆ ತಡೆದದ್ದು. ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಸಿಕ್ಕರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಸಾರಿತು. ಲಸಿಕೆಯಿಲ್ಲ, ಮಾತ್ರೆಯಿಲ್ಲ. ಹುಳುವಿಗೆ ಯಾರೂ ಏನೂ ಮಾಡಲಿಲ್ಲ. ಅದಕ್ಕೂ ನಮಗೂ ನಡುವೆ ಇದ್ದ ಬಾವಿಯ ಆಕಾರ ಬದಲಿಸಿದರು. ಸಂಬಂಧ ಮುರಿದರೆ ಪರಾವಲಂಬಿ ಉಳಿಯದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಯಾವ ಪ್ರಯೋಗಶಾಲೆಯಲ್ಲೂ ನಡೆದಿಲ್ಲ. ಆಫ್ರಿಕದ ಕತೆ ಇಷ್ಟು ಸುಲಭವಾಗಲಿಲ್ಲ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಇದ್ದ ರೋಗಿಗಳು 2023ರ ಹೊತ್ತಿಗೆ 14ಕ್ಕೆ ಇಳಿದರೂ, ಚಾಡ್ ದೇಶದಲ್ಲಿ 2012ರಿಂದ ನಾಯಿಗಳಲ್ಲೂ ಅದೇ ಹುಳು ಕಾಣಿಸಿಕೊಂಡಿತು. ಮನುಷ್ಯನ ಬಾಗಿಲು ಮುಚ್ಚಿದಾಗ ಅದು ಇನ್ನೊಂದು ಮನೆ ಹಿಡಿದಿತ್ತು.

ಬಾವಿಯಿಂದ ಕಾಲುವೆಗೆ ಬರೋಣ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಆರಂಭವಾಯಿತು. ಕಾಕತಾಳೀಯವಿರಬಹುದು, ಆದರೂ ಈ ಎರಡನ್ನು ಜೊತೆಗಿಟ್ಟು ನೋಡುವುದು ಸರಿ. ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಹಳ್ಳಿ ಕಡೆಯ ಸೊಳ್ಳೆಗೆ ಬೇಕಾದ್ದು ಬಿಸಿಲು ಬೀಳುವ, ಸ್ವಚ್ಛವಾದ, ಮೆಲ್ಲಗೆ ಹರಿಯುವ ಅಥವಾ ನಿಂತ ನೀರು: ಕಾಲುವೆಯ ಸೋರುಗುಂಡಿ, ನಾಟಿ ಮಾಡಿದ ಹೊಸದರ ಗದ್ದೆ, ಬೇಸಿಗೆಯಲ್ಲಿ ಹರಿವು ನಿಂತ ಹಳ್ಳದ ಮಡು. ಖುಷ್ಕಿ ಜೋಳ ಬೆಳೆಯುತ್ತಿದ್ದ ನೆಲಕ್ಕೆ ಭತ್ತ ಬಂದಾಗ ಇವೆಲ್ಲವೂ ಒಟ್ಟಿಗೆ ಬರುತ್ತವೆ. ನೀರಾವರಿ ಮಲೇರಿಯಾ ಎಂಬುದು ಜಗತ್ತಿನ ಹಲವು ಅಣೆಕಟ್ಟುಗಳ ಕೆಳಗೆ ಕಂಡ ಸಂಗತಿ. ಡಿಡಿಟಿ ಸಿಂಪಡಿಕೆಯಿಂದ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಎಂದು ಅಂದಾಜಿಸಿದ್ದ ಪ್ರಕರಣಗಳು 1960ರ ದಶಕದ ಮಧ್ಯಭಾಗಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ನಗರದಲ್ಲಿ ಆಟ ಬೇರೆ, ಸೊಳ್ಳೆಯೂ ಬೇರೆ. ಅನಾಫಿಲಿಸ್ ಸ್ಟೀಫೆನ್ಸಿ ಮನೆಯ ಸಂಪು, ಮಾಳಿಗೆ ಮೇಲಿನ ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ಇಟ್ಟ ನೀರಿನ ಡ್ರಮ್ಮು ಇವನ್ನು ಹುಡುಕಿ ಬರುತ್ತದೆ. ಬಳ್ಳಾರಿಯ ಗಾಂಧಿನಗರದಂಥ ಬಡಾವಣೆಯಲ್ಲಿ ಭತ್ತದ ಗದ್ದೆ ಎಲ್ಲಿಂದ ಬರಬೇಕು? ಆದರೆ ನೀರು ತುಂಬಿಟ್ಟುಕೊಳ್ಳಲೇಬೇಕಾದ ಪ್ರತಿ ಮನೆಯೂ ಮುಚ್ಚಳ ಸರಿಯಿಲ್ಲದಿದ್ದರೆ ಒಂದು ಪುಟ್ಟ ಕೆರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ಅದೇ ಮುಚ್ಚಳದ ಸಂದು ಸಾಕು.

ಅದೇ ಕಾಲುವೆ ನೀರು ಕುರಿಗೂ ಒಂದು ಹೊಸ ಸಂಬಂಧ ಗಂಟುಹಾಕುತ್ತದೆ. ಬಳ್ಳಾರಿ ತಳಿ ಎಂಬ ಹೆಸರಿನ ಕುರಿಯೇ ಇದೆ. ಒರಟು ಉಣ್ಣೆ ಕೊಡುವ, ಬರಕ್ಕೆ ಒಗ್ಗಿದ ಕುರಿ. ಸುಗ್ಗಿ ಮುಗಿದ ಮೇಲೆ ಕುರುಬರು ಹಿಂಡನ್ನು ಹೊಲದಲ್ಲಿ ತರುಬುತ್ತಾರೆ. ಹೊಲದವನಿಗೆ ಗೊಬ್ಬರ, ಹಿಂಡಿಗೆ ಮೇವು. ಮನುಷ್ಯರ ನಡುವೆಯೂ ಸಹಜೀವನ ಇದೆ ಎನ್ನುವವರು ಇದನ್ನೇ ತೋರಿಸಬಹುದು. ಆದರೆ ಕಾಲುವೆ ಬದಿಯ ಹಸಿ ಹುಲ್ಲಿನಲ್ಲಿ ಯಕೃತ್ತಿನ ಚಪ್ಪಟೆಹುಳು ಕಾದಿರುತ್ತದೆ. ಕುರಿಯ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ನೀರಿಗೆ ಸೇರಿ ಮರಿಯಾಗಿ ಸಿಹಿನೀರಿನ ಬಸವನಹುಳುವನ್ನು ಹೊಕ್ಕುತ್ತದೆ. ಅಲ್ಲಿ ಒಂದು ನೂರಾಗಿ ಹೊರಬಂದು ಹುಲ್ಲಿನ ಎಸಳಿಗೆ ಗಂಟಿನಂತೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ಕುರಿಯ ಯಕೃತ್ತು ಸೇರುತ್ತದೆ. ಬಸವನಹುಳುವಿಲ್ಲದ ಒಣ ಗುಡ್ಡದಲ್ಲಿ ಈ ಹುಳುವಿಗೆ ಜೀವನವಿಲ್ಲ. ಇನ್ನೊಂದು ರೋಗ ಕುರಿಯನ್ನು ಒಂದೇ ದಿಕ್ಕಿಗೆ ಸುತ್ತುಸುತ್ತು ತಿರುಗುವಂತೆ ಮಾಡುತ್ತದೆ. ಅದಕ್ಕೆ ಕಾರಣ ನಾಯಿಯ ಲಾಡಿಹುಳುವಿನ ಮರಿ ಕುರಿಯ ಮಿದುಳಿನಲ್ಲಿ ನೀರುಗುಳ್ಳೆಯಾಗಿ ಕೂತಿರುವುದು. ತಿರುಗುವ ಕುರಿ ಹಿಂಡಿನಿಂದ ಹಿಂದೆ ಬೀಳುತ್ತದೆ, ಸಾಯುತ್ತದೆ, ಅದರ ತಲೆ ನಾಯಿಗೆ ಬೀಳುತ್ತದೆ. ಲಾಡಿಹುಳುವಿಗೆ ಬೇಕಾದ್ದೂ ಅದೇ. ಇದರ ಬಂಧುವಾದ ಹೈಡಾಟಿಡ್ ಹುಳುವಂತೂ ನಾಯಿ-ಕುರಿಗಳ ನಡುವೆ ತಿರುಗುತ್ತ, ನಾಯಿಯನ್ನು ಮುಟ್ಟಿದ ಕೈಯಿಂದ ಮನುಷ್ಯನ ಯಕೃತ್ತಿಗೋ ಪುಪ್ಪುಸಕ್ಕೋ ಬಂದು ಗಡ್ಡೆ ಕಟ್ಟುತ್ತದೆ. ನಾಯಿ ನಮ್ಮ ಯಕೃತ್ತನ್ನು ತಿನ್ನುವುದಿಲ್ಲವಾದ್ದರಿಂದ ಅದರ ದಾರಿ ಅಲ್ಲಿಗೆ ಮುಗಿಯಿತು. ಆಕಸ್ಮಿಕ ಆತಿಥೇಯ ಎಂದರೆ ಇದು: ಹುಳುವಿಗೂ ಲಾಭವಿಲ್ಲ, ಮನುಷ್ಯನಿಗೆ ಶಸ್ತ್ರಚಿಕಿತ್ಸೆ. ಸತ್ತ ಕುರಿಯ ತಲೆ-ಕರುಳನ್ನು ನಾಯಿಗೆ ಎಸೆಯದೆ ಹೂಳುವುದು, ನಾಯಿಗೆ ಜಂತುಹುಳುವಿನ ಔಷಧಿ ಕೊಡುವುದು ಇಷ್ಟರಿಂದಲೇ ಎರಡೂ ರೋಗಗಳ ಸರಪಳಿ ಕಡಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮನೆ ಸುಟ್ಟರೆ ತಾನೂ ಸುಟ್ಟಂತೆ ಎಂದು ಪರಾವಲಂಬಿಗೆ ‘ಗೊತ್ತು’, ಹಾಗಾಗಿ ಕಾಲ ಕಳೆದಂತೆ ಪ್ರತಿ ಪರಾವಲಂಬಿಯೂ ಸೌಮ್ಯವಾಗುತ್ತ ಕೊನೆಗೆ ಗೆಳೆಯನಾಗುತ್ತದೆ. ಕ್ರೂರವಾದದ್ದೆಲ್ಲ ಹೊಸದು, ಅಷ್ಟೆ. ಈ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಕೇಳಲು ಹಿತ, ಸಾಕ್ಷ್ಯ ಒಪ್ಪುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮೊಲಗಳ ಕಾಟ ತಡೆಯಲು 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ಟಾಗ ಸೋಂಕಾದ ನೂರು ಮೊಲಗಳಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಸತ್ತವು. ಕೆಲವೇ ವರ್ಷಗಳಲ್ಲಿ ಸೌಮ್ಯ ತಳಿಗಳು ಬಂದವು ನಿಜ. ಆದರೆ ವೈರಸ್ ಸಾಧುವಾಗಿ ಕೂರಲಿಲ್ಲ, ನಡುಮಟ್ಟದಲ್ಲಿ ನಿಂತಿತು. ಬೇಗ ಕೊಂದರೆ ಸೊಳ್ಳೆಗೆ ಕಚ್ಚಲು ಮೊಲ ಸಿಗದು. ತೀರ ಸೌಮ್ಯವಾದರೆ ಚರ್ಮದ ಗಾಯ ಬೇಗ ಒಣಗಿ ಸೊಳ್ಳೆಗೆ ವೈರಸ್ ಅಂಟದು. ಎಷ್ಟು ಹಿಂಸೆ ಲಾಭದಾಯಕ ಎಂಬುದನ್ನು ಹರಡುವ ದಾರಿ ತೀರ್ಮಾನಿಸುತ್ತದೆ, ವಯಸ್ಸಲ್ಲ. ನಾರುಹುಣ್ಣು ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದರೂ ಅದರ ಉರಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದರೆ ರೋಗಿ ಬಾವಿಗೆ ಇಳಿಯುತ್ತಿರಲಿಲ್ಲ.

ಇನ್ನು ಗೆಳೆತನದ ಕಡೆ ನೋಡಿದರೆ ಅಲ್ಲೂ ಲೆಕ್ಕ ಬಿಗಿಯಾಗಿಯೇ ಇದೆ. ಹೂ ಬಿಡುವ ಹೊತ್ತಿಗೆ ಒಂದು ಶೇಂಗಾ ಗಿಡವನ್ನು ಮಣ್ಣು ಸಮೇತ ಎಬ್ಬಿಸಿ ನೀರಿನಲ್ಲಿ ಅಲುಗಾಡಿಸಿದರೆ ಬೇರಿನ ಕವಲುಗಳಲ್ಲಿ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ರಕ್ತದ ಛಾಯೆಯ ಕೆಂಪು. ನಮ್ಮ ಹಿಮೊಗ್ಲೋಬಿನ್ನಿನ ದಾಯಾದಿಯಾದ ಬಣ್ಣ ಅದು. ಒಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತಿದೆ, ಗಿಡ ಅದಕ್ಕೆ ಸಕ್ಕರೆ ಉಣಿಸುತ್ತಿದೆ. ಸೀಳಿದ ಗಂಟು ಬಿಳಿಚಿದ್ದರೆ ಅಥವಾ ಹಸಿರಾಗಿದ್ದರೆ ಒಳಗಿನ ಬಾಡಿಗೆದಾರ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ಹೀಗೆ ಉಂಡು ದುಡಿಯದ ಬ್ಯಾಕ್ಟೀರಿಯಾವನ್ನು ಗಿಡ ಸುಮ್ಮನೆ ಬಿಡುತ್ತದೆಯೆ? 2003ರಲ್ಲಿ ಪ್ರಕಟವಾದ ಸೋಯಾ ಗಿಡದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಗಂಟುಗಳ ಸುತ್ತಲ ಗಾಳಿಯಿಂದ ಸಾರಜನಕ ತೆಗೆದು, ಬ್ಯಾಕ್ಟೀರಿಯಾ ದುಡಿಯಲಾಗದಂತೆ ಮಾಡಿದಾಗ ಗಿಡ ಆ ಗಂಟುಗಳಿಗೆ ಆಮ್ಲಜನಕ ಕಡಿತಗೊಳಿಸಿತು. ಅಲ್ಲಿನ ಬ್ಯಾಕ್ಟೀರಿಯಾ ಸಂಖ್ಯೆ ಕುಗ್ಗಿತು. ಪರಸ್ಪರೋಪಕಾರ ಎಂಬುದು ಸದ್ಗುಣದ ಮೇಲೆ ನಿಂತಿಲ್ಲ. ಕಾವಲಿನ ಮೇಲೆ ನಿಂತಿದೆ. ಹೊಲಕ್ಕೆ ಯೂರಿಯಾ ಧಾರಾಳವಾಗಿ ಸುರಿದರೆ ಗಿಡಕ್ಕೆ ಈ ಗೆಳೆಯ ಬೇಡವಾಗುತ್ತಾನೆ, ಗಂಟು ಕಡಿಮೆಯಾಗುತ್ತದೆ. ಸಿರುಗುಪ್ಪದ ಗದ್ದೆಗೆ ಬಿಡಬಹುದಾದ ಅಜೋಲಾ ಜರಿಗಿಡವೂ ತನ್ನ ಎಲೆಯ ಸಂದಿನಲ್ಲಿ ನೀಲಿಹಸಿರು ಪಾಚಿಯನ್ನು ಸಾಕಿಕೊಂಡು ಇದೇ ಸಾರಜನಕದ ವ್ಯಾಪಾರ ನಡೆಸುತ್ತದೆ.

ಗೆಳೆತನವೂ ಕಳ್ಳತನವೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದನ್ನು ನೋಡಬೇಕೆಂದರೆ ಅತ್ತಿಹಣ್ಣು ಬಿಚ್ಚಬೇಕು. ಒಳಗೆ ಹುಳ ಎಂದು ಜನ ಮೂಗುಮುರಿಯುವುದು ಹಳೆಯ ಮಾತು. ಆ ಹುಳವಿಲ್ಲದೆ ಅತ್ತಿಮರವೇ ಇಲ್ಲ. ಅತ್ತಿಯ ಹೂವುಗಳಿರುವುದು ಕಾಯಿಯ ಒಳಗೆ. ಎಳ್ಳಿಗಿಂತ ದೊಡ್ಡದಲ್ಲದ ಹೆಣ್ಣು ಕಣಜವೊಂದು ತುದಿಯ ಕಿಂಡಿಯಲ್ಲಿ ನುಗ್ಗಿ, ರೆಕ್ಕೆ ಹರಿದುಕೊಂಡು, ಪರಾಗ ಸುರಿದು, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರ ಒಂದಿಷ್ಟು ಬೀಜವನ್ನು ಮರಿಗಳಿಗೆ ಬಿಟ್ಟುಕೊಟ್ಟು ಉಳಿದದ್ದನ್ನು ಪಡೆಯುತ್ತದೆ. ಹೊರಗಡೆ ಇನ್ನೂ ಕೆಲವು ಕಣಜಗಳು ಹೊಂಚುತ್ತಿರುತ್ತವೆ. ಪರಾಗ ತರದ ಇವು ಕಾಯಿಯ ಗೋಡೆಯನ್ನೇ ಕೊರೆದು, ಕೆಲವು ಹೂವಿನಲ್ಲಿ, ಕೆಲವು ಒಳಗಿನ ಮರಿಗಳ ಮೇಲೆಯೇ ಮೊಟ್ಟೆಯಿಡುತ್ತವೆ. ಕೂದಲಿಗಿಂತ ತೆಳುವಾದ ಅವುಗಳ ಕೊರೆಸೂಜಿಯ ತುದಿ ಸತುವಿನಿಂದ ಗಟ್ಟಿಗೊಂಡಿದೆ ಎಂಬುದನ್ನು 2014ರಲ್ಲಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು.

ಆತಿಥೇಯನನ್ನು ಕೊನೆಗೆ ಕೊಂದೇ ತೀರುವ ಇಂಥ ಕೀಟಗಳಿಗೆ ಪರಾವಲಂಬಿಗಿಂತ ಬೇರೆಯದೇ ಹೆಸರು ಬೇಕಾಯಿತು: ಪರಭಕ್ಷಕ ಮತ್ತು ಪರಾವಲಂಬಿಗಳ ನಡುವಿನ ಪ್ಯಾರಾಸಿಟಾಯ್ಡ್. ರೈತನ ಲೆಕ್ಕದಲ್ಲಿ ಇವು ಎಲ್ಲಿ ನಿಲ್ಲುತ್ತವೆ ಎಂಬುದು ಕುತೂಹಲಕರ. ಒಂದು ಮಿಲಿಮೀಟರೂ ಇಲ್ಲದ ಟ್ರೈಕೋಗ್ರಾಮಾ ಕಣಜ ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಮೊಟ್ಟೆ ಕಪ್ಪಾಗಿ, ಹುಳುವಿನ ಬದಲು ಕಣಜ ಹೊರಬರುತ್ತದೆ. ಅಕ್ಕಿಯ ಪತಂಗದ ಮೊಟ್ಟೆಗಳ ಮೇಲೆ ಇದನ್ನು ಸಾಕಿ, ಕಾಗದದ ಪಟ್ಟಿಗೆ ಅಂಟಿಸಿ ಟ್ರೈಕೋಕಾರ್ಡ್ ಎಂದು ರೈತರಿಗೆ ಕೊಡುತ್ತಾರೆ. ಭತ್ತದ ಕಾಂಡಕೊರಕಕ್ಕೆ ಗದ್ದೆಯಲ್ಲಿ ಕಾರ್ಡು ಕಟ್ಟುವುದು ಈಗ ಗೊತ್ತಿರುವ ಪದ್ಧತಿ. ಇದೇ ಬದುಕು ಬದುಕುವ ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ರೇಷ್ಮೆಹುಳುವಿನ ಮೈಗೆ ಮೊಟ್ಟೆ ಅಂಟಿಸಿ ರೇಷ್ಮೆ ಬೆಳೆಗಾರರ ಕಣ್ಣಲ್ಲಿ ನೀರು ತರಿಸಿತು. ಆಮೇಲೆ ಆ ನೊಣದ ಕೋಶವನ್ನು ಹೊಕ್ಕು ತಿನ್ನುವ ನೆಸೊಲಿಂಕ್ಸ್ ಎಂಬ ಕಣಜವನ್ನು ರೇಷ್ಮೆ ಮನೆಗಳಲ್ಲಿ ಬಿಟ್ಟರು. ಕಾಂಡಕೊರಕವನ್ನು ತಿಂದ ಕಣಜ ಮಿತ್ರ, ರೇಷ್ಮೆಹುಳುವನ್ನು ತಿಂದ ನೊಣ ಶತ್ರು, ಆ ನೊಣವನ್ನು ತಿಂದದ್ದು ಮತ್ತೆ ಮಿತ್ರ. ಜೀವನಕ್ರಮ ಮೂರಕ್ಕೂ ಒಂದೇ. ಆನೆಕಾಲು ರೋಗ ತರುವ ಹುಳುವಿನ ಒಳಗೂ ಹೀಗೊಂದು ಮಡಿಕೆ ಇದೆ: ಆ ಹುಳು ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವನ್ನು ಒಳಗಿಟ್ಟುಕೊಂಡೇ ಬದುಕುತ್ತದೆ, ಡಾಕ್ಸಿಸೈಕ್ಲಿನ್ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಹುಳು ಬಂಜೆಯಾಗುತ್ತದೆ. ನಮ್ಮ ಪರಾವಲಂಬಿಯ ಗೆಳೆಯ ನಮಗೆ ಸಿಕ್ಕ ದುರ್ಬಲ ಜಾಗ.

ಹಾಗಾದರೆ ಎಲ್ಲವೂ ಸಾಪೇಕ್ಷ, ಪರಾವಲಂಬಿ ಎಂಬ ಪದಕ್ಕೇ ಅರ್ಥವಿಲ್ಲ ಎಂದು ವಾದಿಸಬಹುದು. ಆ ತುದಿಗೆ ಹೋಗಬೇಕಿಲ್ಲ. ಅಳತೆಗೋಲು ಇದೆ: ಆತಿಥೇಯ ಆ ಜೀವಿಯ ಜೊತೆಗಿದ್ದಾಗ ಎಷ್ಟು ಬಾಳಿತು, ಎಷ್ಟು ಸಂತಾನ ಪಡೆಯಿತು, ಇಲ್ಲದಿದ್ದಾಗ ಎಷ್ಟು. ಈ ವ್ಯತ್ಯಾಸ ನಷ್ಟ ತೋರಿದರೆ ಪರಾವಲಂಬನೆ, ಲಾಭ ತೋರಿದರೆ ಪರಸ್ಪರೋಪಕಾರ, ಏನೂ ತೋರದಿದ್ದರೆ ಸಹಭೋಜನ. ಕೊಕ್ಕೆಹುಳು ಯಾವ ಊರಿನಲ್ಲಿ ಅಳೆದರೂ ರಕ್ತ ಕುಡಿಯುತ್ತದೆ. ಬೆಳೆಯುವ ಮಗುವಿಗೆ ಅದು ಎಂದೂ ಗೆಳೆಯನಲ್ಲ. ಅದಕ್ಕಾಗಿಯೇ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ 19 ವರ್ಷದವರೆಗಿನವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಸಂಬಂಧ ಬದಲಾಗಬಲ್ಲದು ಎಂದರೆ ಎಲ್ಲ ಸಂಬಂಧವೂ ಎರಡೂ ಕಡೆ ಬದಲಾಗುತ್ತದೆ ಎಂದಲ್ಲ. ಕೆಲವಕ್ಕೆ ಓಲಾಡುವ ಜಾಗ ಅಗಲ, ಕೆಲವಕ್ಕೆ ಕಿರಿದು. ಅಳೆದು ನೋಡದೆ ಹಣೆಪಟ್ಟಿ ಕಟ್ಟಬಾರದು ಎಂಬಷ್ಟೇ ಇಲ್ಲಿನ ವಾದ. ಬೆಳ್ಳಕ್ಕಿಯ ಸಹಭೋಜನ ಕೂಡ ಎಮ್ಮೆಯ ಮೈಮೇಲಿನ ಉಣ್ಣೆಗೆ ಅದು ಕೊಕ್ಕು ಹಾಕಿದ ಗಳಿಗೆಯಲ್ಲಿ ಬೇರೆ ಕಲಮಿಗೆ ಸೇರುತ್ತದೆ.

ಕೊನೆಯದಾಗಿ ನಾವೇ ಬಯಸಿ ಸಾಕುವ ಪರಾವಲಂಬಿ. ಬೇವು, ಮಾವಿನ ಮೇಲೆ ಹಬ್ಬುವ ಬಂದಳಿಕೆಯನ್ನು ಕಡಿದು ಎಸೆಯುವ ರೈತನೇ ಶ್ರೀಗಂಧವನ್ನು ನೆಟ್ಟು ಬೇಲಿ ಹಾಕಿ ಕಾಯುತ್ತಾನೆ. ಶ್ರೀಗಂಧಕ್ಕೆ ಹಸಿರೆಲೆ ಇದೆ, ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ. ನೀರು-ಲವಣಗಳಿಗೆ ಮಾತ್ರ ಪಕ್ಕದ ಗಿಡದ ಬೇರಿಗೆ ಹೀರುಬೇರು ಚುಚ್ಚುತ್ತದೆ. ಇದು ಅರೆಪರಾವಲಂಬಿ ಎಂದು ಕಲ್ಕತ್ತೆಯಲ್ಲಿ ಜಾನ್ ಸ್ಕಾಟ್ 1871ರಲ್ಲಿ ಕಂಡುಕೊಂಡ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗ ರಾಜ್ಯದ ಬೊಕ್ಕಸವೇ ಒಂದು ಪರಾವಲಂಬಿ ಮರವನ್ನು ನೆಚ್ಚಿತ್ತು. ಆ ಮರಕ್ಕೂ ತನ್ನದೇ ಪರಾವಲಂಬಿ ಉಂಟು: ಎಲೆಗಳು ಕಿರಿದಾಗಿ ಮುಳ್ಳಿನಂತೆ ನಿಲ್ಲುವ ಸ್ಪೈಕ್ ರೋಗ 1899ರಲ್ಲಿ ಮೊದಲು ಕೊಡಗಿನಲ್ಲಿ ದಾಖಲಾಯಿತು, ಅದರ ಕಾರಣ ಫೈಟೋಪ್ಲಾಸ್ಮಾ ಎಂಬ ಗೋಡೆಯಿಲ್ಲದ ಸೂಕ್ಷ್ಮಜೀವಿ. 2001ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ಹೊಲದ ಗಂಧದ ಮರ ಹೊಲದವನದೇ ಆಯಿತು, ಬಯಲುಸೀಮೆಯಲ್ಲೂ ಜನ ಸಸಿ ನೆಡತೊಡಗಿದರು. ಹಲವರು ಗುಂಡಿ ತೋಡಿ, ಗೊಬ್ಬರ ಹಾಕಿ, ಹನಿ ನೀರಾವರಿ ಕೊಟ್ಟು, ಸುತ್ತ ಬೇರೊಂದು ಗಿಡವೂ ಇರದಂತೆ ಕಳೆ ಕಿತ್ತು, ಸಸಿ ಏಕೆ ಒಣಗಿತೆಂದು ಪೇಚಾಡಿದ್ದುಂಟು. ನರ್ಸರಿಯಲ್ಲಿ ಗಂಧದ ಸಸಿಯ ಚೀಲದಲ್ಲೇ ಒಂದು ತೊಗರಿ ಗಿಡವನ್ನೂ ಬೆಳೆಸಿರುತ್ತಾರೆ; ಹೊಲಕ್ಕೆ ಹೋದ ಮೇಲೆ ಹೊಂಗೆಯಂಥ ದೀರ್ಘಾಯು ಜೊತೆಗಾರ ಬೇಕಾಗುತ್ತದೆ. ಶ್ರೀಗಂಧದ ಸಸಿ ಕೊಳ್ಳುವವರು ಚೀಲದಲ್ಲಿ ತೊಗರಿ ಇದೆಯೇ ಎಂದು ನೋಡಿಕೊಳ್ಳಿ, ನೆಟ್ಟ ಮೇಲೆ ಅದನ್ನು ಕಳೆಯೆಂದು ಕಿತ್ತುಹಾಕಬೇಡಿ.